ನೀಲಿ ಲಾಟಿನ ವಾರ

ಫೆಬ್ರವರಿ 3

ಮಗಳಿಗೆ,

ಕಾಗದ ಶುರುಮಾಡುವಾಗ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ನನ್ನ ಮೂತ್ರಕೋಶದಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಎಂದಿದ್ದಾರೆ. ಹತ್ತು ದಿನದ ಹಿಂದೆ ಕೆಳಗಿನಿಂದ ನಳಿಗೆ ಹಾಕಿ ಒಂದಷ್ಟು ಕೆರೆದು ತೆಗೆದರು. ರಿಪೋರ್ಟಿನ ನಕಲು ಜೊತೆಗಿದೆ.

ಫೋನ್ ಮಾಡಿ ಅಂತ ನಿನ್ನ ಅಮ್ಮ ಬಡಿದುಕೊಂಡಳು. ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೆ "ಊಟ ಆಯ್ತಾ, ತಾಳು ಅಮ್ಮಂಗೆ ಕೊಡ್ತೀನಿ" ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಬಾಯಿ ತೆರೆದರೆ ಜಗಳ. ಕಾಗದದಲ್ಲಿ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ, ನನಗೂ ನಿನಗೂ.

ನೂಲಿಗೆ ಬಣ್ಣ ಹಾಕುವ ನಮ್ಮ ಡೈಯಿಂಗ್ ಶೆಡ್ಡಿನಲ್ಲಿ ಈ ಕಾಯಿಲೆ ನನಗೇ ಮೊದಲು ಬಂದದ್ದಲ್ಲ. ಬಾಯ್ಲರಣ್ಣ ನೆನಪಿರಬೇಕು, ನಿನ್ನನ್ನು ನೂಲಿನ ಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದ್ದವನು. ಎಂಟು ವರ್ಷದ ಹಿಂದೆ ಅವನಿಗೆ ಕೆರೆದು, ಒಳಗೆ ಔಷಧಿ ಬಿಟ್ಟು ಕಳಿಸಿದರು. ಈಗಲೂ ಗುಂಡುಕಲ್ಲಿನ ಹಾಗಿದ್ದಾನೆ. ಒಟ್ಟಿಗೆ ಬಣ್ಣ ಹಾಕಿದ ನೂಲಿನ ಲಾಟುಗಳಿಗೆ ಗುರುತಿನ ಗಂಟು ಹಾಕುತ್ತಿದ್ದ ಗಂಟುಮಾವನಿಗೂ ಇದೇ ಆಗಿತ್ತು. ಹತ್ತು ತಿಂಗಳಲ್ಲಿ ಹೋದ. ಇಬ್ಬರ ರಿಪೋರ್ಟನ್ನೂ ಕೇಳಿ ತಂದು ನನ್ನದರ ಪಕ್ಕ ಇಟ್ಟೆ. ಕಾಯಿಲೆಯ ಹೆಸರು ಒಂದೇ, ಮೂವರದೂ ಹೈ ಗ್ರೇಡ್, ಒಂದಕ್ಷರ ಆಚೀಚೆ ಇಲ್ಲ. ಒಬ್ಬ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದಾನೆ, ಇನ್ನೊಬ್ಬನಿಗೆ ನಾವೇ ಮಣ್ಣು ಹಾಕಿ ಬಂದೆವು. ನಾನು ಯಾರ ಹಾಗೆ? ಇದನ್ನು ಕೇಳುವುದಕ್ಕೇ ಈ ಕಾಗದ. ಇಂಥ ಲ್ಯಾಬಿನಲ್ಲೇ ಅಲ್ಲವೇ ನಿನ್ನ ಕೆಲಸ.

ತೆಗೆದ ಚೂರಿನಲ್ಲಿ ಮೂತ್ರಕೋಶದ ಮಾಂಸ ಬಂದಿಲ್ಲವಂತೆ, ಇನ್ನೊಂದು ಸಲ ಕೆರೆಯಬೇಕು ಎನ್ನುತ್ತಾರೆ ಡಾಕ್ಟರು. ಆಗುವುದಿಲ್ಲ ಎಂದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಅಪ್ಪ

*

ಫೆಬ್ರವರಿ 11

ಅಪ್ಪನಿಗೆ,

ನಿಮ್ಮ ಅಕ್ಷರ ನೋಡಿ ಸಂಜೆಯವರೆಗೂ ಒಡೆಯದೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ನೀವು ಒಳ್ಳೆಯ ಸುದ್ದಿಗೆ ಕಾಗದ ಬರೆಯುವವರಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಆ ರಿಪೋರ್ಟಿನಲ್ಲಿ ಇಲ್ಲ. ಇದ್ದಿದ್ದರೆ ಅದೇ ದಿನ ಬಸ್ಸು ಹತ್ತಿ ಬಂದು ಹೇಳುತ್ತಿದ್ದೆ. ಗಡ್ಡೆ ಒಳಪದರದಲ್ಲೇ ನಿಂತಿದೆಯೋ ಮಾಂಸಕ್ಕೆ ಇಳಿದಿದೆಯೋ ಎಂಬುದು ಮಾಂಸ ಸಿಕ್ಕರೆ ತಾನೇ ಗೊತ್ತಾಗುವುದು? ಚಿಕಿತ್ಸೆಯೆಲ್ಲ ನಿಂತಿರುವುದು ಅದರ ಮೇಲೆ. ಡಾಕ್ಟರು ಎರಡನೆಯ ಸಲ ಕೇಳುತ್ತಿರುವುದು ಅವರ ತಪ್ಪು ಮುಚ್ಚಿಕೊಳ್ಳುವುದಕ್ಕಲ್ಲ, ಅದು ಕ್ರಮ.

ಇನ್ನೊಂದು ಮಾತು. ಗಡ್ಡೆಯ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕುವುದು ನನ್ನ ಕೆಲಸ. ಹೌದು, ಕೊನೆಗೂ ಬಣ್ಣ ಹಾಕುವುದೇ. ಮಾಮೂಲಿ ಬಣ್ಣ ಎರಡು, ನೇರಳೆ ಮತ್ತು ಗುಲಾಬಿ. ಅದರಲ್ಲಿ ನಿಮ್ಮ ಮೂವರದೂ ಒಂದೇ ಥರ ಕಾಣಬಹುದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಈಚೆಗೆ ನಮ್ಮ ಡಾಕ್ಟರಮ್ಮ ಗಡ್ಡೆಯೊಳಗೆ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ, ಯಾವುದು ಕೆಟ್ಟಿದೆ ಎಂದು ಓದಿಸುತ್ತಿದ್ದಾರೆ. ಹಾಗೆ ಓದಿದರೆ ಒಂದೇ ಹೆಸರಿನ ಕಾಯಿಲೆ ನಾಲ್ಕೈದು ಬಗೆಯಾಗಿ ಬೇರೆಯಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಕಾಣುವ ಎರಡು ಲಡಿ ನೂಲು ಬಾಗಿಲ ಬೆಳಕಿಗೆ ಒಯ್ದರೆ ಬೇರೆ ಬೇರೆ ಆಗುವುದಿಲ್ಲವೆ, ಹಾಗೆ. ಅದನ್ನು ನನಗೆ ಕಲಿಸಿದವರು ನೀವು.

ದಯವಿಟ್ಟು ಇನ್ನೊಂದು ಸಲ ಒಪ್ಪಿಕೊಳ್ಳಿ.

ನಿಮ್ಮ ಮಗಳು

*

ಫೆಬ್ರವರಿ 20

ಮಗಳಿಗೆ,

ಬಾಗಿಲ ಮಾತು ಎತ್ತದೆ ನಿನಗೆ ಕಾಗದ ಮುಗಿಸಲು ಆಗಲಿಲ್ಲ ಅಲ್ಲವೇ? ಎತ್ತಿದ್ದೀಯ, ನಾನೂ ಎತ್ತುತ್ತೇನೆ.

ಸಮವಸ್ತ್ರಕ್ಕೆಂದು ಬೂದು ಬಣ್ಣದ ಲಾಟ್. ಮಾದರಿಗೆ ಹೊಂದುತ್ತದೆ ಎಂದು ನಾನು, ಬಣ್ಣದ ಮೇಸ್ತ್ರಿ, ಪಾಸ್ ಮಾಡಿದ್ದೆ. ಕೊಳ್ಳುವವರು ಬಂದು ನಿಂತಿದ್ದಾರೆ, ಯಜಮಾನರು ಪಕ್ಕದಲ್ಲಿದ್ದಾರೆ, ಶೆಡ್ಡಿನ ಜನವೆಲ್ಲ ನೋಡುತ್ತಿದ್ದಾರೆ. ಇಪ್ಪತ್ತು ವರ್ಷದ ನೀನು, ಶೇಡ್ ನೋಡುವ ಕೆಲಸಕ್ಕೆ ನಾನೇ ಹಚ್ಚಿದ ನೀನು, ಲಡಿಯನ್ನೂ ಮಾದರಿಯನ್ನೂ ಎತ್ತಿಕೊಂಡು ಬಾಗಿಲಿಗೆ ಹೋಗಿ ಹಿಡಿದು, "ಅಪ್ಪಾ, ಇದು ಬೇರೆ, ಹಸಿರು ಹೊಡೀತಿದೆ" ಅಂದೆ. ಇಡೀ ಲಾಟ್ ವಾಪಸ್ಸು. ಕಪ್ಪು ಹಾಕಿ ಮುಳುಗಿಸಬೇಕಾಯಿತು, ನನ್ನ ಹೆಸರಿನ ಸಮೇತ. ಇನ್ನು ಈ ಬಾಗಿಲಲ್ಲಿ ನಿಲ್ಲಬೇಡ ಎಂದೆ. ಕೋಪದಲ್ಲಿ ಕೊಯ್ದ ಮೂಗು, ಏನು ಮಾಡುವುದು. ಮುಂದಿನ ವಾರವೇ ನೀನು ಗಂಟುಮೂಟೆ ಕಟ್ಟಿ ಊರು ಬಿಟ್ಟೆ.

ಒಂದು ಸಲ ಪಾಸ್ ಆದ ಲಾಟನ್ನು ಮತ್ತೆ ಬಾಗಿಲಿಗೆ ಒಯ್ಯುವುದಿಲ್ಲ. ನನ್ನದೂ ಪಾಸ್ ಆಗಿದೆ, ಕ್ಯಾನ್ಸರ್ ಅಂತ. ಸಾಕು. ಬಾಯ್ಲರಣ್ಣನ ಹಾಗಿದ್ದರೆ ಬದುಕುತ್ತೇನೆ, ಗಂಟುಮಾವನ ಹಾಗಿದ್ದರೆ ಇರುವ ಅಂಗಗಳನ್ನೆಲ್ಲ ಜೊತೆಗಿಟ್ಟುಕೊಂಡು ಹೋಗುತ್ತೇನೆ. ಮೂತ್ರಕೋಶ ತೆಗೆಸಿ, ಹೊಟ್ಟೆಗೆ ಮೂತ್ರದ ಚೀಲ ಕಟ್ಟಿಕೊಂಡು ಯಾರು ತಿರುಗುತ್ತಾರೆ?

ಅಪ್ಪ

*

ಮಾರ್ಚ್ 1

ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಅಳು. ಮೂರನೆಯ ಸಲ ನಾನು ಲ್ಯಾಬಿನವಳು ಎಂಬುದು ನೆನಪಾಗಿ ರಿಪೋರ್ಟಿನ ನಕಲನ್ನು ಮತ್ತೆ ತೆಗೆದು ನೋಡಿದೆ.

ಅದರ ಮೇಲ್ಭಾಗದಲ್ಲಿ ರೋಗಿ ಹೇಳಿದ್ದು ಎಂದು ಒಂದು ಸಾಲು ಇರುತ್ತದೆ. ನಿಮ್ಮದರಲ್ಲಿ "ಎರಡು ವಾರದಿಂದ ಮೂತ್ರದಲ್ಲಿ ರಕ್ತ" ಎಂದಿದೆ. ಅಮ್ಮನನ್ನು ಕೇಳಿದೆ. ಕಳೆದ ವರ್ಷ ಜೂನ್‌ನಲ್ಲಿ ನಿಮ್ಮ ಒಳಚಡ್ಡಿಯಲ್ಲಿ ಕೆಂಪು ಕಲೆ ಇತ್ತಂತೆ. ಶೆಡ್ಡಿನ ಬಣ್ಣ ಎಂದು ನೀವು ಗದರಿದಿರಂತೆ. ಅಮ್ಮ ಒಗೆದು ಸುಮ್ಮನಾದಳು. ಈ ಮನೆಯಲ್ಲಿ ಬಟ್ಟೆಗೆ ಅಂಟದ ಬಣ್ಣ ಯಾವುದಿದೆ?

ಬೈಯುವುದಕ್ಕೆ ಕೇಳುತ್ತಿಲ್ಲ. ಡಾಕ್ಟರಿಗೆ ಬೇಕು, ಅದಕ್ಕೆ. ನಿಜವಾಗಿ ಯಾವಾಗಿನಿಂದ?

ಆ ದಿನದ ಬಗ್ಗೆಯೂ ಒಂದು ಮಾತು. ನಿಮ್ಮ ಮರ್ಯಾದೆ ತೆಗೆಯಬೇಕೆಂದು ನಾನು ಬಾಗಿಲಿಗೆ ಹೋದದ್ದಲ್ಲ. ಚಿಕ್ಕಂದಿನಿಂದ ನೋಡಿದ್ದೆ, ನೀವು ಒಂದು ಲಾಟನ್ನೂ ಬಾಗಿಲಿಗೆ ಒಯ್ಯದೆ ಬಿಟ್ಟವರಲ್ಲ. ಅವತ್ತು ಮರೆತಿದ್ದೀರಿ ಅಂದುಕೊಂಡೆ. ಸಹಾಯ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಎಲ್ಲರೆದುರು ಕೂಗಬಾರದಿತ್ತು, ಅದು ತಪ್ಪು. ಹನ್ನೆರಡು ವರ್ಷ ತಡವಾಗಿ ಕ್ಷಮೆ ಕೇಳುತ್ತೇನೆ.

ಆದರೆ ನೀವು ಇನ್ನೊಂದು ಸಲ ಕೆರೆಸಿಕೊಳ್ಳದಿದ್ದರೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಇದನ್ನೂ ಎಲ್ಲರೆದುರು ಹೇಳಬಲ್ಲೆ.

ನಿಮ್ಮ ಮಗಳು

*

ಮಾರ್ಚ್ 12

ಮಗಳಿಗೆ,

ಬಾಯಿ ನನ್ನದೇ ಬಂದಿದೆ ನಿನಗೆ.

ಕೇಳು. ಶೆಡ್ಡಿನಲ್ಲಿ ಹಳದಿ ಲಾಟ್ ಓಡಿದ ದಿನ ನಮ್ಮ ಮೂತ್ರವೂ ಹಳದಿ, ಕೆಂಪು ಲಾಟಿನ ದಿನ ಕೆಂಪು. ಬಣ್ಣದ ಪುಡಿ ಮೂಗಿಗೆ ಬಾಯಿಗೆ ಹೋಗುತ್ತದೆ, ಹೋದದ್ದು ಬರಲೇಬೇಕು. ಹಳೆಯ ಪುಡಿಗಳ ಕಾಲದಲ್ಲಂತೂ ಇನ್ನೂ ಜೋರು. ಕೈಗವಸು ಕೊಟ್ಟರೆ ಅದರಲ್ಲಿ ಸಿಗರೇಟು ಇಟ್ಟುಕೊಳ್ಳುತ್ತಿದ್ದೆವು. "ಇವತ್ತು ಯಾವ ಲಾಟು ಅಂತ ಬೋರ್ಡ್ ನೋಡೋದು ಬೇಡ ಮೇಸ್ತ್ರಿ, ಹಿತ್ತಲಿಗೆ ಹೋಗಿ ಬಂದ್ರೆ ಸಾಕು" ಎಂದು ಗಂಟುಮಾವ ನಗಿಸುತ್ತಿದ್ದ. ಹಾಗಾಗಿ ಕೆಂಪು ಕಂಡರೆ ನಮ್ಮವರು ಯಾರೂ ಹೆದರುವುದಿಲ್ಲ. ಬೇರೆ ಮನುಷ್ಯ ಹೌಹಾರಿ ಓಡುವ ಜಾಗದಲ್ಲಿ ನಾವು ಕೈ ತೊಳೆದು ಬಂದು ಟೀ ಕುಡಿಯುತ್ತೇವೆ.

ಜೂನ್‌ನಲ್ಲಿ ಕೆಂಪು ಕಂಡಿತು. ಕೆಂಪು ಲಾಟು ಅಂದುಕೊಂಡೆ. ಕೈ ತೊಳೆದೆ, ಹೊರಗೆ ಬಂದೆ, ಬೋರ್ಡಿನ ಮುಂದೆ ನಿಂತೆ. ಆ ವಾರ ನಮ್ಮಲ್ಲಿ ಓಡುತ್ತಿದ್ದುದು ನೀಲಿ.

ಗೊತ್ತಿತ್ತು ನನಗೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಹಿಂದಿನ ವಾರದ ಕೆಂಪು ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಏಳು ತಿಂಗಳು ತಳ್ಳಿದೆ. ಭಯವಾಗಿತ್ತು. ಗಂಟುಮಾವನನ್ನು ಹೊತ್ತವರಲ್ಲಿ ನಾನೂ ಒಬ್ಬ.

ಸರಿ, ಒಪ್ಪುತ್ತೇನೆ. ಆದರೆ ಒಂದು ಷರತ್ತು. ಯಾವ ಮೇಸ್ತ್ರಿಯೂ ಒಂದೇ ಲಡಿ ಹಿಡಿದುಕೊಂಡು ಶೇಡ್ ಹೇಳುವುದಿಲ್ಲ, ಪಕ್ಕದಲ್ಲಿ ಮಾದರಿ ಬೇಕು. ನನ್ನ ಪಕ್ಕ ಬಾಯ್ಲರಣ್ಣನನ್ನೂ ಗಂಟುಮಾವನನ್ನೂ ಇಟ್ಟು ನೋಡು. ಅಂಥ ಚೂರುಗಳನ್ನು ವರ್ಷಗಟ್ಟಲೆ ಇಟ್ಟಿರುತ್ತೀರಂತೆ. ಇಬ್ಬರದೂ ನಿಮ್ಮ ಲ್ಯಾಬಿಗೇ ಹೋಗಿತ್ತು ಎಂದು ರಿಪೋರ್ಟಿನಲ್ಲಿದೆ. ಗಂಟುಮಾವನ ಹೆಂಡತಿ, ನಿನ್ನ ಅತ್ತೆ, ಒಪ್ಪಿಗೆ ಬರೆದು ರುಜು ಹಾಕಿದ್ದಾರೆ. ಬಾಯ್ಲರಣ್ಣ ಎರಡು ಕಡೆ ಹಾಕಿದ್ದಾನೆ, ಹೆಚ್ಚಿದ್ದರೆ ಒಳ್ಳೆಯದು ಅಂತ. ಮೂವರೂ ಒಂದೇ ತೊಟ್ಟಿಯ ಆವಿ ಕುಡಿದವರು. ಒಂದೇ ಬೆಳಕಿನಲ್ಲಿ ಇಡು.

ಹದಿನೆಂಟಕ್ಕೆ ಕೆರೆಯುತ್ತಾರೆ.

ಅಪ್ಪ

*

ಏಪ್ರಿಲ್ 9

ಅಪ್ಪನಿಗೆ,

ಫಲಿತಾಂಶ ನಿಮ್ಮ ಡಾಕ್ಟರಿಗೆ ಹೋಗಿದೆ. ಇದು ತಲುಪುವಷ್ಟರಲ್ಲಿ ಅವರು ನಿಮಗೆ ಹೇಳಿರುತ್ತಾರೆ. ಆದರೂ ನೀವು ಪ್ರಶ್ನೆ ಕೇಳಿದ್ದು ನನ್ನನ್ನು, ಉತ್ತರ ನಾನೇ ಕೊಡಬೇಕು.

ನಿಮ್ಮ ಚೂರನ್ನು ನಾನು ಸೀಳಲಿಲ್ಲ. ಮನೆಯವರದನ್ನು ಮುಟ್ಟಬಾರದು ಎಂಬುದು ನಮ್ಮಲ್ಲಿ ನಿಯಮ, ಮುಟ್ಟಲು ಕೈಯೂ ಬರುತ್ತಿರಲಿಲ್ಲ. ನನ್ನ ಜೊತೆಯವಳು ಮಾಡಿದಳು. ಹಳೆಯ ಅಚ್ಚುಗಳ ಕೋಣೆಯಿಂದ ಗಂಟುಮಾವನನ್ನೂ ಬಾಯ್ಲರಣ್ಣನನ್ನೂ ಹುಡುಕಿ ತಂದದ್ದು ಮಾತ್ರ ನಾನು. ಗಂಟುಮಾವನ ಅಚ್ಚು ಉಗುರಿನಷ್ಟು ಇದೆ ಅಪ್ಪ. ನನಗೆ ಜಡೆಗಂಟು ಹಾಕುವುದನ್ನು ಕಲಿಸಿದ ಮನುಷ್ಯ. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಮೂರನ್ನೂ ಒಂದೇ ದಿನ, ಒಂದೇ ಬಾಟಲಿಯ ಬಣ್ಣದಲ್ಲಿ ಅದ್ದಿದರು. ಮೂತ್ರಕೋಶದ ಒಳಗೋಡೆಗೆ ಪದರಗಳಿವೆ. ಕೆಲವು ಗಡ್ಡೆಗಳು ಮೇಲ್ಪದರದ ಗುಣ ಉಳಿಸಿಕೊಂಡಿರುತ್ತವೆ, ಅವನ್ನು ಲ್ಯುಮಿನಲ್ ಎನ್ನುತ್ತಾರೆ. ಕೆಲವು ಬುಡದ ಪದರದ ಗುಣ ಹೊತ್ತಿರುತ್ತವೆ, ಅವು ಬೇಸಲ್. ಒಂದು ಬಣ್ಣ ಮೇಲ್ಪದರದ ಗುಣವಿದ್ದರೆ ಮಾತ್ರ ಕಂದು ತಿರುಗುತ್ತದೆ, ಇನ್ನೊಂದು ಬುಡದ ಗುಣವಿದ್ದರೆ. ಬಾಯ್ಲರಣ್ಣನದು ಮೊದಲನೆಯದರಲ್ಲಿ ಕಂದಾಯಿತು. ಜೀನ್ ಓದಿಸಿದಾಗ ಎಫ್‌ಜಿಎಫ್‌ಆರ್-3 ಎಂಬ ಒಂದರಲ್ಲಿ ಕೆಡುಕು ಸಿಕ್ಕಿತು. ಅಂಥವು ಸಾಮಾನ್ಯವಾಗಿ ಆಳಕ್ಕೆ ಇಳಿಯುವುದು ಕಡಿಮೆ, ಆದರೆ ಮತ್ತೆ ಮತ್ತೆ ಮೊಳೆಯುತ್ತವೆ. ತಪಾಸಣೆ ಬಿಡಬಾರದು ಎಂದು ಅವರಿಗೆ ಹೇಳಿ.

ನಿಮ್ಮದು ಎರಡನೆಯದರಲ್ಲಿ ಕಂದಾಯಿತು. ಗಂಟುಮಾವನದೂ. ಪಕ್ಕಪಕ್ಕ ಇಟ್ಟರೆ ಒಂದೇ ಲಾಟ್.

ಇದನ್ನು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಈಗ ಮಿಕ್ಕದ್ದನ್ನು ಓದಿ, ಇಲ್ಲಿಗೇ ಮಡಚಿ ಇಡಬೇಡಿ. ಗಡ್ಡೆ ಮಾಂಸಕ್ಕೆ ಇಳಿದಿದೆ. ಈ ಬಗೆ ಬೇಗ ಬೆಳೆಯುವ ಮುಂಗೋಪಿ. ಆದರೆ ಕೀಮೋ ಮದ್ದಿಗೆ ಚೆನ್ನಾಗಿ ಬಗ್ಗುವುದು ಇದೇ ಬಗೆ ಎಂದು ಕೆಲವರು ಕಂಡಿದ್ದಾರೆ. ಎಲ್ಲರೂ ಒಪ್ಪಿದ ಮಾತಲ್ಲ, ಬರೀ ಬಗೆ ನೋಡಿ ಯಾವ ಡಾಕ್ಟರೂ ತೀರ್ಮಾನ ಮಾಡುವುದಿಲ್ಲ, ಸುಳ್ಳು ಭರವಸೆ ಕೊಡಲಾರೆ. ಗಂಟುಮಾವ ಬಂದಾಗ ಅದು ಆಗಲೇ ಮೂಳೆಗೆ ಹೋಗಿತ್ತು. ಹಳೆಯ ಕಡತದಲ್ಲಿದೆ, ಅವರು ಒಂದೂವರೆ ವರ್ಷ ಕೆಂಪು ನೋಡಿಕೊಂಡು ಸುಮ್ಮನಿದ್ದರು. ನಿಮ್ಮದು ಸ್ಕ್ಯಾನಿನಲ್ಲಿ ಎಲ್ಲೂ ಹೋಗಿಲ್ಲ. ಬಗೆ ಒಂದೇ, ಹೊತ್ತು ಬೇರೆ. ನಿಮ್ಮ ಕೈಯಲ್ಲಿ ಆ ಹೊತ್ತು ಇನ್ನೂ ಇದೆ.

ಮೊದಲು ಕೀಮೋ, ಆಮೇಲೆ ಮೂತ್ರಕೋಶ ತೆಗೆಯಬೇಕು. ಚೀಲ ಕಟ್ಟಿಕೊಂಡು ಯಾರು ತಿರುಗುತ್ತಾರೆ ಎಂದು ಕೇಳಿದ್ದಿರಿ. ನಮ್ಮಪ್ಪ ತಿರುಗಲಿ. ನನಗೆ ಅಷ್ಟೇ ಬೇಕು.

ನಿಮ್ಮ ಮಗಳು

*

ಜೂನ್ 17

ಮಗಳಿಗೆ,

ಮೂರನೆಯ ಕೀಮೋ ಆಯಿತು. ಮೀಸೆ ಉದುರಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಲು ಈಗ ಮೀಸೆಯೇ ಇಲ್ಲ. ನಾಲಿಗೆಗೆ ಎಲ್ಲವೂ ತುಕ್ಕಿನ ರುಚಿ. ನಿನ್ನ ಅಮ್ಮ ಎದುರಿಗೆ ನಗುತ್ತಾಳೆ, ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಾಳೆ. ಉದ್ದ ಬರೆಯಲು ಕೈಲಾಗದು.

ಆಪರೇಷನ್ನಿಗೆ ನೀನು ಬರುತ್ತೀಯಾ ಎಂದು ಅವಳು ಕೇಳುತ್ತಿದ್ದಾಳೆ. ಅವಳು ಮಾತ್ರ ಅಲ್ಲ.

ಅಪ್ಪ

*

ಅಕ್ಟೋಬರ್ 5

ಸಾಸಿವೆ,

ಹಾಗೆ ಕರೆದು ಎಷ್ಟು ಕಾಲವಾಯಿತು. ಸಣ್ಣವಳಿದ್ದಾಗ ಮುಟ್ಟಿದರೆ ಸಿಡಿಯುತ್ತಿದ್ದೆ ಎಂದು ಇಟ್ಟ ಹೆಸರು. ನೀನು ಬಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ, ಆಗಲೂ ಬಾಯಿಗೆ ಬರಲಿಲ್ಲ. ಹನ್ನೊಂದು ದಿನ ನಾವು ಮಾತಾಡಿದ್ದು ವಾರ್ಡಿನ ಫ್ಯಾನ್ ಸದ್ದು ಮಾಡುತ್ತದೆ ಎಂಬ ಒಂದೇ ವಿಷಯ. ಮೊದಲ ಸಲ ಚೀಲ ಬದಲಾಯಿಸುವಾಗ ನಾನು ಗೋಡೆಗೆ ಮುಖ ಮಾಡಿಕೊಂಡಿದ್ದೆ. ನೀನು ಏನೂ ಆಗಿಲ್ಲವೆಂಬಂತೆ ಸುತ್ತ ಒರೆಸಿ ಅಂಟಿಸಿದೆ. ನಾನು ಮುಖ ತಿರುಗಿಸಿದ್ದು ಹೇಸಿಗೆಗಲ್ಲ. ಕಣ್ಣಲ್ಲಿ ನೀರಿತ್ತು.

ಮೊನ್ನೆ ಡಾಕ್ಟರು ಕರೆದಿದ್ದರು. ತೆಗೆದ ಮೂತ್ರಕೋಶದಲ್ಲಿ ಗಡ್ಡೆಯ ಒಂದು ಚೂರು ಮಾತ್ರ ಉಳಿದಿತ್ತು, ಕಾಯಿಲೆ ಮೊದಲು ಹಬ್ಬುವ ಸುತ್ತಲಿನ ಗಂಟುಗಳಲ್ಲಿ ಏನೂ ಇಲ್ಲವಂತೆ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಗೆದ್ದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಇನ್ನೊಂದು. ಆ ಬೂದು ಲಾಟನ್ನು ನಾನು ಬಾಗಿಲಿಗೆ ಒಯ್ಯಲು ಮರೆತೆ ಎಂದು ನೀನು ತಿಳಿದಿದ್ದೀಯ. ಮರೆತಿರಲಿಲ್ಲ. ನಿನಗಿಂತ ಎರಡು ಗಂಟೆ ಮೊದಲೇ ಒಯ್ದಿದ್ದೆ. ಹಸಿರು ಹೊಡೆಯುವುದು ಕಂಡಿತ್ತು. ಒಳಗೆ ತಂದು ಟ್ಯೂಬ್‌ಲೈಟಿನ ಕೆಳಗಿಟ್ಟು, ಸರಿಯಿದೆ ಎಂದು ಗಂಟುಮಾವನಿಂದ ಪಾಸಿನ ಗಂಟು ಹಾಕಿಸಿದೆ. ನೀನು ಹೇಳಿದ್ದು ತಪ್ಪಾಗಿದ್ದರೆ ನಾನು ನಿನ್ನನ್ನು ಅದೇ ದಿನ ಕ್ಷಮಿಸುತ್ತಿದ್ದೆ ಮಗಳೇ. ಸರಿಯಿತ್ತು, ಅದಕ್ಕೇ ಹನ್ನೆರಡು ವರ್ಷ ಹಿಡಿಯಿತು. ಕಂಡದ್ದನ್ನು ಒಳಗೆ ತಂದು ಮುಚ್ಚಿಡುವುದು ನನ್ನ ಹುಟ್ಟುಗುಣ, ಜೂನ್‌ನಲ್ಲೂ ಮಾಡಿದ್ದು ಅದನ್ನೇ. ನೀನು ಕೇಳಿದ ಕ್ಷಮೆಯನ್ನು ವಾಪಸ್ಸು ಕಳಿಸುತ್ತಿದ್ದೇನೆ. ಅದು ನಾನು ಕೇಳಬೇಕಾದದ್ದು.

ಸೋಮವಾರದಿಂದ ಅರ್ಧ ದಿನ ಶೆಡ್ಡಿಗೆ ಹೋಗುತ್ತಿದ್ದೇನೆ. ತೊಟ್ಟಿಯ ಹತ್ತಿರ ಬಿಡುವುದಿಲ್ಲ, ಕುರ್ಚಿ ಹಾಕಿ ಕೂರಿಸಿದ್ದಾರೆ. ಮೊದಲ ದಿನವೇ ಯಜಮಾನರಿಗೆ ಹೇಳಿ ಹಿತ್ತಲ ಶೌಚಾಲಯದ ಬಾಗಿಲಿಗೆ ಒಂದು ಕಪ್ಪು ಹಲಗೆ ಹೊಡೆಸಿದೆ. ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ನಾನೇ ಬರೆಯುತ್ತೇನೆ. "ಇಂದಿನ ಲಾಟ್: ನೀಲಿ. ಒಳಗೆ ಕೆಂಪು ಕಂಡರೆ ಮೇಸ್ತ್ರಿಗೆ ಹೇಳಿ. ಕೆಂಪು ಲಾಟಿನ ದಿನ ಕಂಡರೂ ಹೇಳಿ." ಎಲ್ಲರೂ ನಕ್ಕರು. ಅಂಗಿ ಎತ್ತಿ ಚೀಲ ತೋರಿಸಿದೆ. ನಗು ನಿಂತಿತು.

ನಿನ್ನೆ ಮಧ್ಯಾಹ್ನ ಬಾಯ್ಲರಣ್ಣ ಬಂದು ಕುರ್ಚಿಯ ಪಕ್ಕ ನಿಂತ. ಏನೋ ಮಳೆ ಬಿಸಿಲಿನ ಮಾತಾಡಿದ. ಆಮೇಲೆ ಮೆತ್ತಗೆ, "ಮೇಸ್ತ್ರೀ, ಹಲಗೆಯಲ್ಲಿ ನೀಲಿ ಅಂತ ಸರಿಯಾಗೇ ಬರ್ದಿದೀರಾ?" ಅಂದ. ನಾಲ್ಕು ವರ್ಷದಿಂದ ತಪಾಸಣೆಗೆ ಹೋಗಿಲ್ಲವಂತೆ. ಗುಂಡುಕಲ್ಲು ನಡುಗುತ್ತಿತ್ತು. ಹಿಂದಿನ ವಾರದ ಕೆಂಪು ಇರಬಹುದಲ್ಲವೇ ಎಂದು ನನ್ನ ಬಾಯಿಂದ ಕೇಳಿಸಿಕೊಳ್ಳಲು ಬಂದಿದ್ದ. ನಾನು ಹಾಗೆ ಹೇಳಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೆ ಅವನನ್ನು ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಬರುತ್ತೇನೆ. ಹತ್ತು ಗಂಟೆಗೆ ತಲುಪುತ್ತೇವೆ. ಅಷ್ಟು ದೊಡ್ಡ ಕಟ್ಟಡದಲ್ಲಿ ನಮಗೆ ದಾರಿ ತಿಳಿಯದು.

ನೀನು ಬಾಗಿಲಲ್ಲಿ ನಿಂತಿರು.

ಅಪ್ಪ